ವಿಶ್ವೇಶ್ವರಯ್ಯನವರ ರಾತ್ರಿ ಶಾಲೆ

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ನಾವು ಎಂಜಿನಿಯರ್ಸ್ ಡೇ ಮಾಡ್ತೀವಿ. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಕ್ವಿಜ್ ನಡೆಸ್ತೀವಿ, ಕೆಆರ್‌ಎಸ್ ಬಗ್ಗೆ ಒಂದು ಭಾಷಣ ಕೇಳ್ತೀವಿ. ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಅವರದೇ ಹೆಸರಿನ ವಿಶ್ವವಿದ್ಯಾಲಯದ ಮುದ್ರೆ ಇದೆ. ಆದರೂ ಅವರು ದೊಡ್ಡವರಿಗಾಗಿ ರಾತ್ರಿ ಶಾಲೆಗಳನ್ನು ತೆರೆದಿದ್ದರು ಅನ್ನೋ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಈ ಸಲ ಆ ಕಥೆ ಹೇಳೋಣ ಅಂತ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚು ನೋಡಿಕೊಂಡರು. ಅಂದರೆ ಕಲಿಯೋದು, ಕಲಿಸೋದು ಎರಡನ್ನೂ ಒಟ್ಟಿಗೇ ಶುರು ಮಾಡಿದವರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಆಗ ನಮ್ಮ ಹಳಿಯಾಳ, ಸೂಪಾ, ಮುಂಡಗೋಡ ಎಲ್ಲಾ ಇದ್ದದ್ದು ಅದೇ ಬಾಂಬೆ ಪ್ರಾಂತ್ಯದಲ್ಲಿ.

ಕೆಲಸ ಸಿಕ್ಕಿದ ಮೇಲೂ ಅವರು ಓದು ಬಿಡಲಿಲ್ಲ. ಸಿಂಧ್‌ನ ಸುಕ್ಕೂರಿಗೆ ನೀರು ಕೊಡುವ ಕೆಲಸ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಹಾಕಿದ ಸ್ವಯಂಚಾಲಿತ ಗೇಟು, ಏಡನ್ನಿನ ಚರಂಡಿ ವ್ಯವಸ್ಥೆ, ಇವ್ಯಾವುದಕ್ಕೂ ಕಾಲೇಜಿನ ಸಿಲಬಸ್ಸಿನಲ್ಲಿ ರೆಡಿ ಉತ್ತರ ಇರಲಿಲ್ಲ. 1898ರಲ್ಲಿ ಜಪಾನಿಗೆ ಹೋಗಿ ಬಂದರು. ಓದುಬರಹ ಬಲ್ಲ ಜನ ಮತ್ತು ಕಾರ್ಖಾನೆ, ಎರಡೂ ಜೊತೆಜೊತೆಗೆ ಬೆಳೆಯುತ್ತಿದ್ದ ದೇಶ ಅದು. ಆಮೇಲೆ ಅವರು ಬರೆದದ್ದರಲ್ಲಿ, ಮಾಡಿದ್ದರಲ್ಲಿ ಆ ಪ್ರವಾಸದ ಗುರುತು ಇದೆ.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂತು. ಇದಿಷ್ಟು ಕ್ವಿಜ್‌ನಲ್ಲಿ ಬರುತ್ತೆ. ಕ್ವಿಜ್‌ನಲ್ಲಿ ಬರದೇ ಇರೋದು ಇದು: ಅದೇ ವರ್ಷಗಳಲ್ಲಿ ಹೊಲ, ಅಂಗಡಿ, ಕೂಲಿ ಮುಗಿಸಿ ಬರುವ ವಯಸ್ಕರಿಗೆ ಅಕ್ಷರ ಕಲಿಸಲು ಸಂಸ್ಥಾನದ ತುಂಬಾ ಸಾವಿರಾರು ರಾತ್ರಿ ತರಗತಿಗಳು ನಡೆದವು. ಕಲಿತವರಿಗೆ ಓದಲು ಏನಾದರೂ ಬೇಕಲ್ಲ? ಅದಕ್ಕೆ ಊರಿಂದ ಊರಿಗೆ ಹೋಗುವ ಸಂಚಾರಿ ಗ್ರಂಥಾಲಯಗಳು ಬಂದವು.

ಎಲ್ಲಾ ವಿಷಯದಲ್ಲೂ ಅವರನ್ನು ಒಪ್ಪಬೇಕಾಗಿಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಭಿನ್ನಾಭಿಪ್ರಾಯ ಬಂದು, ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಕಲಿಯುವ ಅವಕಾಶವೇ ಸಿಗದವರಿಗೆ ಮೆರಿಟ್ ಎಲ್ಲಿಂದ ಬರಬೇಕು ಅನ್ನೋ ಪ್ರಶ್ನೆ ಸಿದ್ದಿ, ಗೌಳಿ ಕುಟುಂಬಗಳ ನಡುವೆ ಇರುವ ನಮಗೆ ಬಂದೇ ಬರುತ್ತೆ.

ಅವರು ಹೋದ ಮೇಲೆ ರಾತ್ರಿ ಶಾಲೆಗಳು ಒಂದೊಂದಾಗಿ ನಿಂತುಹೋದವು. 1911ರಲ್ಲಿ ಶುರುವಾದ ಕೆಆರ್‌ಎಸ್ ಮಾತ್ರ ಇವತ್ತಿಗೂ ನೀರು ಕೊಡ್ತಿದೆ. ಕಲ್ಲು, ಗಾರೆ ಒಮ್ಮೆ ಗಟ್ಟಿಯಾದರೆ ಸಾಕು. ಶಾಲೆ ಹಾಗಲ್ಲ, ದಿನಾ ಸಂಜೆ ಯಾರಾದರೂ ಬಂದು ದೀಪ ಹಚ್ಚಬೇಕು.

ಅವರು ಮಾತ್ರ ಕಲಿಯೋದು, ಕಲಿಸೋದು ನಿಲ್ಲಿಸಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು, ಯುವಕರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆ ಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡ ಅಂತ ಮಹಾರಾಜರ ಹೆಸರಿಡಿಸಿದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. 1946ರಲ್ಲಿ, ಎಂಬತ್ತೈದರ ಹತ್ತಿರದ ವಯಸ್ಸಿನಲ್ಲಿ, ಕಾರ್ಖಾನೆ ನೋಡೋಕೆ ಅಮೆರಿಕಕ್ಕೆ ಹೋದರು. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ದಾಟಿ, 1962ರಲ್ಲಿ ತೀರಿಕೊಂಡರು.

ಇದೆಲ್ಲಾ ಈಗ ಯಾಕೆ? ನಮ್ಮ ಸುತ್ತಮುತ್ತ ನೋಡಿ. ಸೂಪಾ ಡ್ಯಾಂ 101 ಮೀಟರ್ ಎತ್ತರ ಅಂತ ನಾವು ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ಬರೆದುಕೊಳ್ತೀವಿ. ಅದರ ನೀರಿನಲ್ಲಿ ಹಳೇ ಸೂಪಾ ಊರು ಮುಳುಗಿ, ಜನ ರಾಮನಗರದ ಕಡೆ ಹೋಗಿ ಬದುಕನ್ನು ಮೊದಲಿಂದ ಶುರು ಮಾಡಬೇಕಾಯಿತು. ದಾಂಡೇಲಿಯಲ್ಲಿ ಪೇಪರ್ ಮಿಲ್ ಉಳಿದಿದೆ, ಆದರೆ ಫೆರೋ ಫ್ಯಾಕ್ಟರಿ, ಪ್ಲೈವುಡ್ ಫ್ಯಾಕ್ಟರಿ ಮುಚ್ಚಿದವು. ಈಗ ಅದೇ ಊರಿನ ಹುಡುಗರು ಕಾಳಿ ನದಿಯಲ್ಲಿ ರಾಫ್ಟಿಂಗ್ ಗೈಡ್ ಆಗಿದ್ದಾರೆ. 1966ರಲ್ಲಿ ಮುಂಡಗೋಡಕ್ಕೆ ಬಂದ ಟಿಬೆಟಿಯನ್ನರು ಈ ಮಳೆ, ಈ ಮಣ್ಣಿನ ಬೇಸಾಯವನ್ನು ಹೊಸದಾಗಿ ಕಲಿತರು. ನಮ್ಮ ಹಳಿಯಾಳದಲ್ಲೇ ಇರುವ ದೇಶಪಾಂಡೆ ಆರ್‌ಸೆಟಿಯಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಊಟ ವಸತಿ ಸಮೇತ ಫ್ರೀಯಾಗಿ ಸ್ವಂತ ಉದ್ಯೋಗ ಕಲೀತಾರೆ. ಇವರ್ಯಾರೂ ಒಂದೇ ಕೆಲಸ ಕಲಿತು ಜೀವನ ಪೂರ್ತಿ ಅದನ್ನೇ ಮಾಡಿದವರಲ್ಲ.

ನಾವೂ ಅಷ್ಟೇ. ಪ್ಲೇಸ್‌ಮೆಂಟ್ ಅಂದರೆ ಕಲಿಕೆ ಮುಗೀತು ಅಂದುಕೊಂಡಿದ್ದೀವಿ. ಇವತ್ತು ಇಂಟರ್ನಲ್ಸ್‌ಗೆ ಓದೋ ಸಾಫ್ಟ್‌ವೇರ್ ನಮ್ಮ ಮೊದಲ ಸಂಬಳದ ಹೊತ್ತಿಗೆ ಇರುತ್ತೋ ಇಲ್ಲವೋ ಗೊತ್ತಿಲ್ಲ. ಆಗ ಮತ್ತೆ ಮೊದಲ ಬೆಂಚಿಗೆ ಹೋಗಿ ಕೂರುವ ಧೈರ್ಯ ಬೇಕು.

ಅದಕ್ಕೆ ನಮ್ಮ ಸಂಘದಿಂದ ಒಂದು ಸಣ್ಣ ಪ್ರಸ್ತಾಪ. ನಮ್ಮ ಮೆಸ್‌ನಲ್ಲಿ, ಗೇಟಿನಲ್ಲಿ, ಗಾರ್ಡನ್‌ನಲ್ಲಿ ಕೆಲಸ ಮಾಡುವ ಅಣ್ಣಂದಿರು, ಅಕ್ಕಂದಿರಿಗೆ ವಾರಕ್ಕೆ ಎರಡು ಸಂಜೆ ಕ್ಲಾಸ್ ಮಾಡೋಣ. ಏನು ಕಲಿಯಬೇಕು ಅಂತ ಅವರನ್ನೇ ಮೊದಲು ಕೇಳೋಣ: ಬ್ಯಾಂಕ್ ಫಾರ್ಮ್ ತುಂಬೋದೋ, ಕಂಪ್ಯೂಟರೋ, ಇಂಗ್ಲಿಷೋ. ಅವರಿಂದ ನಾವೂ ಕಲಿಯೋದಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರ ಕನ್ನಡ ಸುಧಾರಿಸಲೂ ಬಹುದು. ಪರೀಕ್ಷೆ ಬಂತು ಅಂತ ಮಧ್ಯದಲ್ಲಿ ನಿಲ್ಲದ ಹಾಗೆ, ಜೂನಿಯರ್ಸ್ ಕೈಗೆ ದಾಟಿಸುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಬೇಕು. ಆಸಕ್ತಿ ಇರುವವರು ಹೆಸರು ಕೊಡಿ. ಬರುವ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆಗೆ ಒಂದು ಹಾಜರಿ ಪುಸ್ತಕವನ್ನೂ ಆ ಫೋಟೋ ಮುಂದೆ ಇಡೋಣ.