ಮುಂಬಯಿ ಪ್ರಾಂತದಲ್ಲಿ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಕನ್ನಂಬಾಡಿ ಕಟ್ಟೆ ನೆನಪಾಗುವುದು ಸಹಜ. ಆದರೆ ಅವರು ಪಳಗಿದ್ದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿದ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಸಹಾಯಕ ಎಂಜಿನಿಯರರಾದರು.

ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಬೇಕಿತ್ತು. ಸಿಂಧೂ ನದಿಯ ನೀರು ಕೆಸರು. ಶೋಧಕ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ದಡದಲ್ಲಿ ಬಾವಿ ತೋಡಿಸಿ, ಅದರಿಂದ ನದೀತಳದಡಿಗೆ ಸುರಂಗ ಕೊರೆಯಿಸಿದರು. ಮರಳಿನ ಮೂಲಕ ಇಳಿದ ನೀರು ತಿಳಿಯಾಗಿ ಬಾವಿಗೆ ಬಂದಿತು. ಹಣದ ಕೊರತೆಯನ್ನು ನದಿಯ ಮರಳೇ ತುಂಬಿಕೊಟ್ಟಿತು.

ನೀರಾ ಕಾಲುವೆಯಲ್ಲಿ ತೊಡಕು ಬೇರೆ. ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರಿನಿಂದ ಕೆಲವರ ಹೊಲ ಜೌಗಾಗುತ್ತಿತ್ತು. ಉಳಿದವರಿಗೆ ನೀರು ಸಾಲುತ್ತಿರಲಿಲ್ಲ. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ತೆಗೆಯುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಮೊದಲು ಶಂಕಿಸಿದ ರೈತರಿಗೆ ಆಜ್ಞೆ ಮಾಡದೆ, ಅವರೊಡನೆ ಚರ್ಚಿಸಿ ಮನವೊಲಿಸಿದರು.

ಇಲಾಖೆಯ ಅತ್ಯುನ್ನತ ಹುದ್ದೆ ಭಾರತೀಯರಿಗೆ ದುರ್ಲಭವಾಗಿದ್ದ ಕಾಲವದು. 1908ರಲ್ಲಿ ಅವರು ಸ್ವಇಚ್ಛೆಯಿಂದ ನಿವೃತ್ತರಾದರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಲ್ಲಿ ದಿವಾನರಾದರು. 1955ರಲ್ಲಿ ಭಾರತರತ್ನ ಪಡೆದು 1962ರಲ್ಲಿ ತೀರಿಕೊಂಡರು. ಊರಿನ ಬೊಕ್ಕಸವನ್ನೂ ಜನರ ಒಪ್ಪಿಗೆಯನ್ನೂ ಅಳೆದ ಮೇಲೆಯೇ ನೆಲವನ್ನು ಅಳೆಯುವ ಅವರ ಪಾಠ ಇಂದಿಗೂ ಹಳತಾಗಿಲ್ಲ.