‘ಮೆಟ್ರೊಪೊಲಿಸ್’ ಬರೆದಾಕೆ

ರೋಬೋಟ್ ಬಗ್ಗೆ ಮಾತು ಬಂದಾಗ ನಮ್ಮ ಐಟಿ ಮಂದಿಯಲ್ಲಿ ಯಾರಾದರೊಬ್ಬರು 1927ರ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ ನೆನೆಯುತ್ತಾರೆ. ಅದರಲ್ಲಿನ ಲೋಹದ ಹೆಣ್ಣಿನ ರೂಪ ಅಷ್ಟು ಪ್ರಸಿದ್ಧ. ನಿರ್ದೇಶಕ ಫ್ರಿಟ್ಜ್ ಲಾಂಗ್ ಹೆಸರೂ ಪರಿಚಿತವೇ. ಆದರೆ ಆ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದವರು ಅವನ ಪತ್ನಿ ಥೇಯಾ ಫಾನ್ ಹಾರ್ಬೂ ಎಂಬುದು ಎಷ್ಟು ಜನರಿಗೆ ಗೊತ್ತು?

1888ರಲ್ಲಿ ಬವೇರಿಯಾದ ಹೋಫ್ ಪಟ್ಟಣದ ಬಳಿ ಹುಟ್ಟಿದ ಥೇಯಾ ಮೊದಲು ರಂಗನಟಿ, ಆಮೇಲೆ ಜನಪ್ರಿಯ ಕಾದಂಬರಿಕಾರ್ತಿ. 1922ರಲ್ಲಿ ಲಾಂಗ್‌ನನ್ನು ಮದುವೆಯಾದರು. ‘ನಿಬೆಲುಂಗೆನ್’, ‘ಎಂ’ ಹೀಗೆ ಅವನ ದೊಡ್ಡ ಚಿತ್ರಗಳ ಹಿಂದೆ ಇವರ ಲೇಖನಿಯಿತ್ತು. 1929ರ ‘ಚಂದ್ರನ ಮೇಲೆ ಹೆಣ್ಣು’ ಚಿತ್ರದಲ್ಲಿ ರಾಕೆಟ್ ಹಾರುವ ಮುನ್ನ ಅಂಕಿಗಳನ್ನು ಹಿಂದಕ್ಕೆ ಎಣಿಸುತ್ತಾರೆ. ಚಂದ್ರಯಾನದ ದಿನ ಟಿವಿ ಮುಂದೆ ಕೂತು ನಾವೆಲ್ಲ ಎಣಿಸಿದ್ದೂ ಹಾಗೆಯೇ!

1933ರಲ್ಲಿ ಇಬ್ಬರೂ ಬೇರೆಯಾದರು. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಲಾಂಗ್ ದೇಶ ಬಿಟ್ಟ, ಥೇಯಾ ಉಳಿದರು. 1934ರಲ್ಲಿ ಅವರೇ ನಿರ್ದೇಶಿಸಿದ ಎರಡು ಚಿತ್ರಗಳು ತೆರೆಕಂಡವು. ನಾತ್ಸಿ ಆಳ್ವಿಕೆಯುದ್ದಕ್ಕೂ ಚಿತ್ರಕಥೆ ಬರೆದರು, ಪಕ್ಷದ ಸದಸ್ಯೆಯೂ ಆದರು.

ಇಲ್ಲೇ ನಮ್ಮ ನೆಲದ ನಂಟೊಂದಿದೆ. ಬರ್ಲಿನ್‌ನಲ್ಲಿದ್ದ ಪತ್ರಕರ್ತ, ಬೆಳಗಾವಿ ಬಳಿಯ ಬೆಳಗುಂದಿಯ ಅಯಿ ತೆಂಡುಲ್ಕರ್ ಅವರನ್ನು ಥೇಯಾ ಗುಟ್ಟಾಗಿ ಮದುವೆಯಾದರು. ಜನಾಂಗಶುದ್ಧಿಯನ್ನೇ ಸಾರುತ್ತಿದ್ದ ಸರ್ಕಾರದ ಕಣ್ಣೆದುರು ಬಹಿರಂಗವಾಗಿ ಆಗುವ ಮದುವೆಯಲ್ಲ ಅದು. ಮುಂದೆ ತೆಂಡುಲ್ಕರ್ ಭಾರತಕ್ಕೆ ಮರಳಿದರು. ಭಾರತೀಯರಿಗೆ ನೆರವಾಗಲೆಂದೇ ಪಕ್ಷ ಸೇರಿದ್ದಾಗಿ ಥೇಯಾ ನಂತರ ಹೇಳಿಕೊಂಡರು. ನೆರವಾದದ್ದು ನಿಜವೇ. ಆದರೆ ಎಷ್ಟೋ ಸಹೋದ್ಯೋಗಿಗಳು ಜೀವ ಉಳಿಸಿಕೊಳ್ಳಲು ಓಡಿಹೋದ ಚಿತ್ರರಂಗದಲ್ಲೇ ಅವರು ದುಡಿಯುತ್ತಿದ್ದರು. ಆ ಸಮರ್ಥನೆ ನನಗಂತೂ ಸಾಲದು.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವರನ್ನು ಕೆಲ ತಿಂಗಳು ಬಂಧನದಲ್ಲಿಟ್ಟರು. ಬಿಡುಗಡೆಯಾದಾಗ, ಬಾಂಬಿಗೆ ಕುಸಿದ ಬರ್ಲಿನ್‌ನಲ್ಲಿ ಕಲ್ಲು, ಇಟ್ಟಿಗೆ ತೆರವು ಮಾಡುವ ಹೆಂಗಸರ ಜತೆ ಕೆಲಸ ಮಾಡಿದರು. 1954ರಲ್ಲಿ ತಮ್ಮದೇ ಹಳೆಯ ಚಿತ್ರವೊಂದರ ಪ್ರದರ್ಶನ ಮುಗಿಸಿ ಹೊರಬರುವಾಗ ಬಿದ್ದರು. ಕೆಲವೇ ದಿನಗಳಲ್ಲಿ, ಜುಲೈ 1ರಂದು, ತೀರಿಕೊಂಡರು.

ಮರೆತುಹೋದ ಹೆಣ್ಣುಮಕ್ಕಳ ಹೆಸರನ್ನು ಹುಡುಕಿ ತೆಗೆಯುವಾಗ ಹಾರ ಹಾಕಿ ಸುಮ್ಮನಾಗುವುದು ಸುಲಭ. ಥೇಯಾ ವಿಷಯದಲ್ಲಿ ಹಾಗೆ ಮಾಡಲಾಗದು. ‘ಮೆಟ್ರೊಪೊಲಿಸ್’ನ ಶ್ರೇಯ ಅವರಿಗೆ ಸಲ್ಲಲಿ, 1933ರ ನಂತರದ ಲೆಕ್ಕವೂ ಅವರ ಹೆಸರಿನಲ್ಲೇ ಇರಲಿ. ಗಂಡಸರ ಬದುಕನ್ನು ನಾವು ತೂಗುವುದೂ ಹೀಗೆಯೇ ತಾನೆ?