ಕುಶಲಕರ್ಮಿಗಳ ಬಂಧು ಕಮಲಾದೇವಿ

ಚನ್ನಪಟ್ಟಣದ ಬಣ್ಣದ ಬುಗುರಿ, ಕಿನ್ನಾಳದ ಮರದ ಗೊಂಬೆ, ಆಂಧ್ರದ ಕೊಂಡಪಲ್ಲಿಯ ಅಂಬಾರಿ ಹೊತ್ತ ಆನೆ ಇವು ಮಕ್ಕಳ ಕೈಯ ಆಟಿಕೆಗಳು ಮಾತ್ರವಲ್ಲ. ದಸರೆಯ ಗೊಂಬೆಸಾಲಿನ ಶೋಭೆ, ಮನೆಯ ಪಡಸಾಲೆಯ ಅಲಂಕಾರ, ಬಂಧುಮಿತ್ರರಿಗೆ ನೀಡುವ ಉಡುಗೊರೆ. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಕಡೆಯುತ್ತಾನೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆಯ ಗರಿಯಿಂದ ಉಜ್ಜಿದರೆ ಗೊಂಬೆ ಕನ್ನಡಿಯಂತೆ ಹೊಳೆಯುತ್ತದೆ. ತಲೆಮಾರುಗಳಿಂದ ಬಂದ ಇಂತಹ ವಿದ್ಯೆಗಳು ಯಂತ್ರದ ಸರಕಿನ ಮುಂದೆ ಸೊರಗಿದ್ದ ಕಾಲದಲ್ಲಿ, ಅವುಗಳ ಉಳಿವಿಗಾಗಿ ಬಾಳನ್ನು ಸವೆಸಿದವರು ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಅಧಿಕಾರಿಗಳು. ತಾಯಿ ಗಿರಿಜಾಬಾಯಿ ದಿಟ್ಟ ಸ್ವಭಾವದವರು. ಎಳೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ನಡೆದ ವಿವಾಹವೂ ಸ್ವಲ್ಪ ಕಾಲದಲ್ಲಿಯೇ ವೈಧವ್ಯದಲ್ಲಿ ಕೊನೆಗೊಂಡಿತು. ಆದರೂ ವಿದ್ಯಾಭ್ಯಾಸ ನಿಲ್ಲಲಿಲ್ಲ. ಮದರಾಸಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ಸಹೋದರ, ಕವಿ ಹರೀಂದ್ರನಾಥರ ಪರಿಚಯವಾಯಿತು. ಸಮಾಜದ ಟೀಕೆಗೆ ಅಂಜದೆ ಕಮಲಾದೇವಿಯವರು ಅವರನ್ನು ಮದುವೆಯಾದರು.

ಗಾಂಧೀಜಿಯವರ ಕರೆ ಅವರನ್ನು ಸ್ವಾತಂತ್ರ್ಯ ಹೋರಾಟಕ್ಕೆ ಸೆಳೆಯಿತು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳ ಅಂತರದಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಅವಕಾಶವಿರಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಬಹಿರಂಗವಾಗಿ ಮಾರಿ ಸೆರೆಮನೆ ಸೇರಿದರು.

ಸ್ವಾತಂತ್ರ್ಯ ಬಂದ ಬಳಿಕ ಅವರು ಅಧಿಕಾರವನ್ನು ಅರಸಲಿಲ್ಲ. ದೇಶವಿಭಜನೆಯಿಂದ ನೆಲೆ ಕಳೆದುಕೊಂಡಿದ್ದ ನಿರಾಶ್ರಿತರತ್ತ ಅವರ ಮನಸ್ಸು ತಿರುಗಿತು. 1948ರಲ್ಲಿ ಭಾರತೀಯ ಸಹಕಾರಿ ಸಂಘವನ್ನು ಸ್ಥಾಪಿಸಿ, ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನರು ಫರೀದಾಬಾದಿನಲ್ಲಿ ನೆಲೆಯೂರಲು ನೆರವಾದರು. ಅನ್ಯರ ದಾನಕ್ಕಿಂತ ಸ್ವಂತ ಕೈಗಳ ದುಡಿಮೆಯೇ ಮನುಷ್ಯನ ಮಾನವನ್ನು ಕಾಯುತ್ತದೆ ಎಂಬ ಅವರ ನಂಬಿಕೆ ಇಲ್ಲಿ ಮತ್ತಷ್ಟು ಗಟ್ಟಿಯಾಯಿತು.

1952ರಲ್ಲಿ ಅವರು ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ದೊಡ್ಡ ಕಾರ್ಖಾನೆಗಳೇ ದೇಶದ ಏಳಿಗೆಯೆಂದು ಎಲ್ಲರೂ ಭಾವಿಸಿದ್ದ ದಿನಗಳವು. ಕೊಳ್ಳುವವರಿಲ್ಲದಿದ್ದರೆ ಕುಶಲಕರ್ಮಿಯ ಮಗ ಉಳಿಯನ್ನು ಬದಿಗಿರಿಸಿ ಕೂಲಿಗೆ ಹೋಗುತ್ತಾನೆ. ಒಂದು ತಲೆಮಾರು ಕೈಬಿಟ್ಟ ವಿದ್ಯೆಯನ್ನು ಯಾವ ಗ್ರಂಥವೂ ಮರಳಿ ತರಲಾರದು. ಇದನ್ನು ಅರಿತಿದ್ದ ಕಮಲಾದೇವಿಯವರು ಹಳ್ಳಿಹಳ್ಳಿಗಳಲ್ಲಿ ಸಂಚರಿಸಿದರು. ಮರ, ಮಣ್ಣು, ಲೋಹ, ನೂಲುಗಳಲ್ಲಿ ದುಡಿಯುವವರ ಪಕ್ಕದಲ್ಲಿ ಕುಳಿತು ಅವರ ಕಷ್ಟಸುಖಗಳನ್ನು ಕೇಳಿದರು. ಬೆಂಗಳೂರೂ ಸೇರಿದಂತೆ ಪ್ರಮುಖ ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದವು. ದೆಹಲಿಯ ಗೃಹಕೈಗಾರಿಕಾ ಮಾರಾಟ ಮಳಿಗೆ ಇವರ ಸಹಕಾರಿ ಸಂಘದ ಆಡಳಿತದಲ್ಲಿ ಬೆಳೆಯಿತು. ದೂರದ ಹಳ್ಳಿಯ ಗೊಂಬೆ ಪಟ್ಟಣದ ಮನೆಯನ್ನು ಸೇರಲು ದಾರಿಯಾಯಿತು. 1965ರಿಂದ ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿಯೂ ಬಂದಿತು. ಅದುವರೆಗೆ ಹೆಸರಿಲ್ಲದೆ ದುಡಿಯುತ್ತಿದ್ದವನಿಗೆ ಗೌರವದ ಸ್ಥಾನ ದೊರೆಯಿತು.

ಕರಕುಶಲ ವಸ್ತುವು ಗಾಜಿನ ಕಪಾಟಿನಲ್ಲಿ ಬಂಧಿಯಾಗುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಂದವೂ ಉಪಯೋಗವೂ ಒಂದಾಗಿ, ಅದು ನಿತ್ಯಜೀವನದಲ್ಲಿ ಬೆರೆಯಬೇಕೆಂಬುದೇ ಅವರ ಆಶಯ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಕಮಲಾದೇವಿಯವರು ನಿಧನರಾದರು. ಚನ್ನಪಟ್ಟಣದಲ್ಲಿ ಇಂದಿಗೂ ಚರಕಿ ತಿರುಗುತ್ತಿದೆ. ಅಲ್ಲಿಯ ಒಂದು ಗೊಂಬೆಯನ್ನು ಕೊಂಡು ಗೆಳೆಯರಿಗೆ ನೀಡುವವನು, ತಿಳಿದೋ ತಿಳಿಯದೆಯೋ, ಅವರು ಹಿಡಿದ ಕೆಲಸವನ್ನೇ ಮುಂದುವರಿಸುತ್ತಾನೆ.